ಹಿಂದಿನಂತೆ

ಜವೆಗೋಧಿಯ ಹಿಟ್ಟನ್ನು ನೀರಿನಲ್ಲಿ ಕದಡಿ ಸಣ್ಣ ಉರಿಯ ಮೇಲಿಟ್ಟು, ಅದು ಗಟ್ಟಿಯಾಗುವ ಹೊತ್ತಿಗೆ ಚಿಟಿಕೆ ಮೈಲುತುತ್ತ ಹಾಕಿದರೆ ಒಂದು ವಾಸನೆ ಏಳುತ್ತದೆ. ಅರ್ಧ ಅಂಬಲಿಯದು, ಅರ್ಧ ಹಳೆಯ ತಾಮ್ರದ ಕೊಡದ್ದು. ಬಾಲ್ಯ ಎಂದರೆ ನನಗೆ ಮೊದಲು ನೆನಪಾಗುವುದು ಆ ವಾಸನೆಯೇ. ವರ್ಷಕ್ಕೊಮ್ಮೆ, ಹಿಮ ಕರಗಲು ಶುರುವಾಗುವ ಮುನ್ನ, ನಮ್ಮೂರಿನ ಎಲ್ಲ ಮನೆಗಳಲ್ಲೂ ಈ ಅಂಟು ಕುದಿಯುತ್ತಿತ್ತು. ಅವ್ವ ಅದನ್ನು ಬೋಗುಣಿಗೆ ಬಗ್ಗಿಸಿ ನನ್ನ ಕೈಗೆ ಕೊಡುವಾಗ, "ಬೆರಳ ಗಿರಳ ನೆಕ್ಕೀಯ ಮತ್ತ, ನಾಲಿಗಿ ನೀಲಿ ಆದೀತು" ಎನ್ನುತ್ತಿದ್ದಳು. ನಕಾಶೆ ಕಚೇರಿಯ ಎದುರಿನ ಕಲ್ಲುಗೋಡೆಯ ಹತ್ತಿರ ಊರಿನವರೆಲ್ಲ ತಮ್ಮ ತಮ್ಮ ಬೋಗುಣಿ ಹಿಡಿದು ಸಾಲಾಗಿ ನಿಲ್ಲುತ್ತಿದ್ದರು. ಹಿಟ್ಟು ಮುಗಿದ ಮನೆಯವರು ಖಾಲಿ ಬೋಗುಣಿ ತಂದರೆ, ಮುಂದೆ ನಿಂತವರು ಮುಖ ನೋಡದೆಯೇ ತಮ್ಮದರಲ್ಲಿ ಒಂದು ಸೌಟು ಅದಕ್ಕೆ ಸುರಿದು ಮತ್ತೆ ಮುಂದೆ ತಿರುಗುತ್ತಿದ್ದರು. ಎಲ್ಲರ ಅಂಟನ್ನೂ ಒಂದೇ ಕೊಪ್ಪರಿಗೆಯಲ್ಲಿ ಕಲಸಿ, ಆ ವರ್ಷದ ನಕಾಶೆಯ ಹನ್ನೆರಡು ಹಾಳೆಗಳನ್ನು ಗೋಡೆಗೆ ಅಂಟಿಸುತ್ತಿದ್ದರು. ಆಮೇಲೆ ಹಿಮ ಕರಗಿ ಗುಡ್ಡಗಳು ಹೊರಗೆ ಬರುತ್ತಿದ್ದವು, ಗೋಡೆಯ ಮೇಲೆ ಹೇಗಿದ್ದವೋ ಹಾಗೆ.

ನಾಲ್ಕು ತಿಂಗಳು ಹಿಮದ ಅಡಿಯಲ್ಲಿದ್ದ ನೆಲ ನಮ್ಮಲ್ಲಿ ಸಡಿಲವಾಗುತ್ತದೆ. ಹಿಮ ಕರಗುವಾಗ ಅದು ನಕಾಶೆಯನ್ನು ನೋಡಿಕೊಂಡು ಗಟ್ಟಿಯಾಗುತ್ತದೆ. ಹೊರಗಿನಿಂದ ಮದುವೆಯಾಗಿ ಬಂದ ಹೆಣ್ಣುಮಕ್ಕಳು ಮೊದಲ ವರ್ಷ ಹೆದರುತ್ತಾರೆ. ಎರಡನೆಯ ವರ್ಷ ಅಂಟಿಗೆ ಮೈಲುತುತ್ತ ಎಷ್ಟು ಹಾಕಬೇಕು ಎಂದು ಕೇಳುತ್ತಾರೆ. ಅಷ್ಟೇ. ನಮ್ಮದು ಮರವಿಲ್ಲದ, ಮಳೆಯಿಲ್ಲದ, ಎತ್ತರದ ಸೀಮೆ. ಬೂದು, ಕಂದು, ಒಂದೊಂದು ಕಡೆ ನೇರಳೆ ಬಣ್ಣದ ಗುಡ್ಡಗಳು. ಆಕಾಶ ತೀರ ಹತ್ತಿರ. ಇರುವ ಸ್ವಲ್ಪ ನೀರು, ಸ್ವಲ್ಪ ಮರೆ, ಸ್ವಲ್ಪ ಸಮ ನೆಲ, ಇವು ಇದ್ದಲ್ಲೇ ಇರಲಿ ಎಂಬುದೊಂದೇ ಊರಿನವರ ಆಸೆ. ಅದಕ್ಕಾಗಿಯೇ ಕಚೇರಿ.

ಕಚೇರಿಯ ನಿಯಮಗಳು ಬಾಗಿಲಿನ ಮೇಲೆಯೇ ಬರೆದಿದ್ದವು. ಕಂಡದ್ದನ್ನು ಬರೆ, ಬೇಕಾದದ್ದನ್ನು ಬರೆಯಬೇಡ, ಇದು ಮೊದಲನೆಯದು. ಹಿಂದೆ ಯಾವನೋ ಗೌಡ ನಕಾಶೆಯಲ್ಲಿ ತನ್ನ ಹೊಲದ ಏರು ತೆಗೆಸಿ ಸಮ ಮಾಡಿಸಿಕೊಂಡನಂತೆ. ತೆಗೆದ ಏರು ಎಲ್ಲಿಗಾದರೂ ಹೋಗಬೇಕಲ್ಲ, ಸುಡುಗಾಡಿನ ಕೆಳಗೆ ಹೋಯಿತು. ಆ ವರ್ಷ ಹೆಣ ಹೊರುವವರು ನಾಲ್ವರ ಬದಲು ಎಂಟು ಜನ ಬೇಕಾದರು ಎಂದು ಈಗಲೂ ಹೇಳುತ್ತಾರೆ. ಎರಡನೆಯ ನಿಯಮ, ಒಂದು ವರ್ಷದ ಅಳತೆಗೆ ಒಂದೇ ಕಣ್ಣು. ಇಬ್ಬರು ನೋಡಿದರೆ ಒಬ್ಬೊಬ್ಬರ ತಪ್ಪು ಒಂದೊಂದು ಕಡೆ ಎಳೆದು ಗುಡ್ಡಗಳ ನಡುವೆ ಬಿರುಕು ಬಿಡುತ್ತದೆ. ಆ ಕಣ್ಣು ಯಾರದು ಎಂದು ತೀರ್ಮಾನವಾಗುವುದು ನಕಾಶೆ ಅಂಟಿಸುವ ದಿನ, ನಡುವೆ ಬದಲಾಯಿಸುವಂತಿಲ್ಲ. ಮೂರನೆಯದು, ಮೋಡವೋ ಧೂಳೋ ಅಡ್ಡ ಬಂದು ಒಂದು ಜಾಗ ಕಾಣದೇ ಹೋದರೆ ಊಹಿಸಿ ಬರೆಯಬಾರದು. ಅಳತೆ ಪುಸ್ತಕದಲ್ಲಿ ಅದರ ಎದುರು 'ಹಿಂದಿನಂತೆ' ಎಂದು ಬರೆದು, ಪಕ್ಕದಲ್ಲಿ ಕಾರಣ ಬರೆಯಬೇಕು. ಹಾಗೆ ಬರೆದ ಜಾಗಕ್ಕೆ ಅದಕ್ಕೂ ಮುಂಚಿನ ಅಳತೆ ಪುಸ್ತಕ ತೆಗೆದು ಅದರಲ್ಲಿದ್ದ ಅಂಕಿಯನ್ನೇ ಹಾಕುತ್ತಿದ್ದರು.

ನಾನು ಕೆಳಗಿನ ಬಯಲುಸೀಮೆಯ ಕಾಲೇಜಿನಲ್ಲಿ ಭೂಗೋಳ ಓದಿ ಬಂದು ಈ ಕಚೇರಿ ಸೇರಿದಾಗ ನನಗೆ ಇಪ್ಪತ್ತೆರಡು. ಚಳಿಗಾಲದಲ್ಲಿ ಅಳತೆ ಪುಸ್ತಕ ನೋಡಿ ಹಾಳೆಗಳ ಮೇಲೆ ಮಸಿಯಲ್ಲಿ ಗೆರೆ ಎಳೆಯುವುದು ನನ್ನ ಕೆಲಸ. ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಗೆರೆಗೆ ಕಾಲೇಜಿನಲ್ಲಿ ಸಮೋನ್ನತಿ ರೇಖೆ ಎನ್ನುತ್ತಿದ್ದರು. ಮೊದಲ ದಿನ ನಾನು ಆ ಮಾತು ಆಡಿದಾಗ, ಅಳತೆಕೋಲು ಹೊರುವ ಮೌಲಾಸಾಬ ಕಣ್ಣು ಅಗಲಿಸಿ, "ಅಕ್ಕಾರ, ಅಷ್ಟುದ್ದದ ಹೆಸರು ಹೇಳೂದ್ರೊಳಗ ಗುಡ್ಡ ಸರದು ಆಚೆ ಊರಿಗೆ ಹೊಕ್ಕೈತ್ರಿ. ನಾವು ಅದಕ ಬಳಿ ಅಂತೇವಿ" ಎಂದ. ಬಳೆ. ಗುಡ್ಡ ಎಷ್ಟು ಎತ್ತರವೋ ಅಷ್ಟು ಬಳೆ, ಒಂದರೊಳಗೊಂದು. ಆದರೆ ತಗ್ಗಿಗೂ ಅದೇ ಬಳೆಯೇ. ಗುಡ್ಡ ಯಾವುದು, ತಗ್ಗು ಯಾವುದು ಎಂದು ಗೊತ್ತಾಗಲು ತಗ್ಗಿನ ಬಳೆಯ ಒಳಮೈಗೆ ಸಣ್ಣ ಸಣ್ಣ ಗೀರು ಎಳೆಯಬೇಕು. ಅದಕ್ಕೆ ಹಲ್ಲು ಎನ್ನುತ್ತಿದ್ದರು. ಹಲ್ಲಿದ್ದ ಬಳೆ ತಗ್ಗು, ಹಲ್ಲಿಲ್ಲದ್ದು ಗುಡ್ಡ. ಊರಿನ ಮಕ್ಕಳಿಗೂ ಅದು ಬಾಯಿಪಾಠ.

ಆ ವರ್ಷಗಳ ಕಣ್ಣು ದುಂಡಪ್ಪ ಮಾಸ್ತರರದು. ಹತ್ತೊಂಬತ್ತು ವರ್ಷ ಅವರೊಬ್ಬರೇ ಮೂರು ಕಾಲಿನ ದುರ್ಬೀನಿನಲ್ಲಿ ನೋಡಿದವರು. ಎತ್ತರದ ಆಳು, ಸಣ್ಣ ದನಿ. ಯಾರ ಮನೆಗೂ ಊಟಕ್ಕೆ ಹೋಗುತ್ತಿರಲಿಲ್ಲ. ಉಂಡರೆ ಆ ಮನೆಯವರ ಹೊಲದ ಬದಿಯಲ್ಲಿ ಕಣ್ಣು ಮೆತ್ತಗಾದೀತು ಎಂದು. ಹೆಂಡತಿ ತೀರಿಕೊಂಡಿದ್ದರು. ಮಧ್ಯಾಹ್ನ ತಮ್ಮ ಬುತ್ತಿ ಬಿಚ್ಚಿ, ಗೋಡೆಯ ಕಡೆ ಮುಖ ಮಾಡಿ ತಿನ್ನುತ್ತಿದ್ದರು. ಆದರೆ ಚಳಿಗಾಲದಲ್ಲಿ ನನ್ನ ಮೇಜು ಒಲೆಯ ಹತ್ತಿರ ಬರುವಂತೆ ನಾನು ಬರುವುದರೊಳಗೆ ಯಾರೋ ಎಳೆದಿಟ್ಟಿರುತ್ತಿದ್ದರು. ಯಾರೆಂದು ನಾನು ಕೇಳಲಿಲ್ಲ. ಕಚೇರಿಯಲ್ಲಿ ಇದ್ದವರೇ ಮೂವರು, ಮೌಲಾಸಾಬ ನನಗಿಂತ ತಡವಾಗಿ ಬರುವವನು.

ನನ್ನ ತಪ್ಪು ಆದದ್ದು ಎರಡನೆಯ ಚಳಿಗಾಲದಲ್ಲಿ. ಏಳನೆಯ ಹಾಳೆಯಲ್ಲಿ, ಊರಿನಿಂದ ಒಂದೂವರೆ ಮೈಲಿ ದೂರ, ಫಕೀರವ್ವನ ತಗ್ಗು ಬರುತ್ತದೆ. ಬೋಗುಣಿಯಂಥ ಜಾಗ. ಮಧ್ಯದಲ್ಲಿ ಒಂದು ಮನೆ, ಮನೆಯ ಹಿಂದೆ ಒಂದು ಒರತೆ. ಸುತ್ತ ಎಲ್ಲೂ ನಿಲ್ಲದ ಗಾಳಿ ಅಲ್ಲಿ ಮಾತ್ರ ತಲೆಯ ಮೇಲಿಂದ ಹಾದುಹೋಗುತ್ತಿತ್ತು. ಫಕೀರವ್ವ ಅಲ್ಲಿ ಎರಡು ಆಡು ಕಟ್ಟಿಕೊಂಡು ಒಬ್ಬಳೇ ಇದ್ದಳು, ಅರವತ್ತರ ಸುಮಾರು. ಆ ತಗ್ಗಿಗೆ ಐದು ಬಳೆ. ಐದೂ ಎಳೆದು, ಹಲ್ಲು ಹಾಕಬೇಕು ಎನ್ನುವಾಗ ಮಸಿ ಹೆಪ್ಪುಗಟ್ಟಿತು. ಚಳಿಗಾಲದಲ್ಲಿ ಅದು ದಿನದ ಪಾಡು, ಶೀಶೆಯನ್ನು ಒಲೆಯ ಹತ್ತಿರ ಇಟ್ಟು ಕಾಯಬೇಕು. ಬೆರಳು ಕೆಂಪಾಗಿ ನಾನು ಅಂಗೈ ಉಜ್ಜಿಕೊಳ್ಳುತ್ತಿದ್ದಾಗ ದುಂಡಪ್ಪನವರು ತಮ್ಮ ಕೋಟಿನ ಒಳಜೇಬಿನಿಂದ ಮಸಿಯ ಇನ್ನೊಂದು ಶೀಶೆ ತೆಗೆದು ನನ್ನ ಮೇಜಿನ ಮೇಲಿಟ್ಟರು. ಅಷ್ಟು ಹೊತ್ತು ಎದೆಗೆ ಹತ್ತಿರ ಇಟ್ಟುಕೊಂಡು ಬೆಚ್ಚಗೆ ಮಾಡಿದ್ದರು. "ಇದು ತಿಳೀ ಐತಿ ತಂಗಿ, ಎಂಟನೇ ಹಾಳಿಗೆ ಸಣ್ಣ ಗೆರಿ ಬೇಕಲ್ಲ, ಅದನ್ನ ಮೊದಲ ಮುಗಿಸು, ಆರೂದ್ರಾಗ" ಎಂದರು. ನನಗೆ ಎಷ್ಟು ಸಂತೋಷವಾಯಿತೆಂದರೆ ಏಳನೆಯ ಹಾಳೆಯನ್ನು ಹಾಗೆಯೇ ಬದಿಗೆ ಸರಿಸಿ ಎಂಟನೆಯದನ್ನು ಎಳೆದುಕೊಂಡೆ. ಏಳಕ್ಕೆ ಮತ್ತೆ ಮರಳಲೇ ಇಲ್ಲ.

ಎಲ್ಲ ಹಾಳೆಗಳನ್ನೂ ದುಂಡಪ್ಪನವರು ಕೊನೆಗೆ ಒಂದೊಂದಾಗಿ ಅಳತೆ ಪುಸ್ತಕದ ಜೊತೆ ಹೋಲಿಸಿ ರುಜು ಹಾಕಬೇಕು. ಏಳನೆಯದಕ್ಕೂ ಹಾಕಿದರು. ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಮುಖದ ತೀರ ಹತ್ತಿರ ತಂದು, ಬಹಳ ಹೊತ್ತು ನೋಡಿದರು. ಎಷ್ಟು ಶ್ರದ್ಧೆ ಎಂದುಕೊಂಡೆ.

ಹಿಮ ಕರಗಿದ ಮೂರನೆಯ ದಿನ ಮೌಲಾಸಾಬ ಓಡಿ ಬಂದ. "ಅಕ್ಕಾರ, ಫಕೀರವ್ವಾಯಿ ಮನಿ ಆಕಾಶದಾಗ ಐತ್ರಿ." ನಾನು ಹೋಗಿ ನೋಡಿದೆ. ತಗ್ಗು ಇದ್ದಲ್ಲಿ ಗುಡ್ಡ. ಐದು ಬಳೆಯಷ್ಟು ಕೆಳಗೆ ಇರಬೇಕಾದ ಮನೆ ಐದು ಬಳೆಯಷ್ಟು ಮೇಲೆ, ತುದಿಯಲ್ಲಿ, ಮಡಕೆ ಬೋರಲು ಹಾಕಿ ಅದರ ಮೇಲೊಂದು ಬೆಂಕಿಪೊಟ್ಟಣ ಇಟ್ಟಂತೆ ಕೂತಿತ್ತು. ಏದುಸಿರು ಬಿಡುತ್ತ ಹತ್ತಿ ಹೋದರೆ ಫಕೀರವ್ವ ಹೊಸ್ತಿಲ ಮೇಲೆ ಕೂತಿದ್ದಳು, ಸೆರಗು ಗಾಳಿಗೆ ಹಾರದಂತೆ ತೊಡೆಯ ಕೆಳಗೆ ಸಿಕ್ಕಿಸಿಕೊಂಡು.

"ಬಾರವಾ" ಎಂದಳು. "ನನಗ ಮಹಡಿ ಮನಿ ಕಟ್ಟಿಸಿ ಕೊಟ್ಟೀರಲ್ಲ, ಕೇಳದನ."

"ಆಯಿ, ಹಲ್ಲು ಹಾಕೋದು ಮರತೆ. ನಂದ ತಪ್ಪು."

ಅವಳು ತನ್ನ ಬಾಯಿ ತೆರೆದು ತೋರಿಸಿದಳು. ಮುಂದೆ ಎರಡೇ ಹಲ್ಲು. "ನಮ್ಮಪ್ಪ ದೇವರೂ ನಂಗ ಮರತಾನ ಬಿಡ" ಎಂದಳು. ಆಮೇಲೆ ನಗಲಿಲ್ಲ. "ಒರತಿ ಹೋತು. ಅದನ್ನ ಹೆಂಗರ ತಡಕೋಬಹುದು. ಒಲಿ ಹತ್ತವಲ್ದು ನೋಡು. ನಾಕು ದಿಕ್ಕಿಂದೂ ಗಾಳಿ. ಊದಿ ಊದಿ ಸಾಕಾತು."

ಒಳಗೆ ಹೋಗಿ ನೋಡಿದೆ. ಮೂರು ಕಲ್ಲಿನ, ಮಣ್ಣು ಮೆತ್ತಿದ ಒಲೆ. ಅವಳು ಮದುವೆಯಾಗಿ ಬಂದ ವಾರ ತಾನೇ ಹಾಕಿಕೊಂಡದ್ದು. ಬೂದಿಯೆಲ್ಲ ಗೋಡೆಗೆ ಹಾರಿತ್ತು.

ನೆಲ ಒಮ್ಮೆ ಗಟ್ಟಿಯಾದ ಮೇಲೆ ಗೋಡೆಯ ಮೇಲಿನ ಹಾಳೆ ತಿದ್ದಿ ಪ್ರಯೋಜನವಿಲ್ಲ. ಮುಂದಿನ ಹಿಮದವರೆಗೆ ಹಾಗೆಯೇ. ಊರಿನ ಹಿರಿಯರು ಸೇರಿ ನನ್ನನ್ನು ಬೈಯಲಿಲ್ಲ, ಅದೇ ಕಷ್ಟವಾಯಿತು. ಅಡ್ಡಹೆಸರು ಮಾತ್ರ ಬಂತು. ನೀರಿಗೆ ಹೋದಾಗ ಹೆಂಗಸರು, "ಹಲ್ಲ ಮರತಾಕಿ ಬಂದ್ಲು, ಕೊಡ ಗಟ್ಟಿ ಹಿಡೀರಿ, ತಗ್ಗಿದ್ದದ್ದು ದಿಬ್ಬ ಆದೀತು" ಎನ್ನುತ್ತಿದ್ದರು. ಹೇಳಿದವಳೇ ನನ್ನ ಕೊಡ ಎತ್ತಿ ತಲೆಯ ಮೇಲಿಡುತ್ತಿದ್ದಳು. ಫಕೀರವ್ವನನ್ನು ಊರಿಗೆ ಬಂದು ಇರು ಎಂದು ಎಲ್ಲರೂ ಕರೆದರು. ಅವಳು ಬರಲಿಲ್ಲ. "ನಲವತ್ತು ವರ್ಷ ಒಂದ ಒಲಿ. ಬ್ಯಾರೆದಾರ ಒಲಿ ಮುಂದ ಕುಂತ್ರ ನನಗ ಅನ್ನ ಇಳಿಯಾಂಗಿಲ್ಲ" ಎಂದಳು.

ಹೀಗಾಗಿ ಆ ಬೇಸಿಗೆ ಪೂರ್ತಿ ದಿನಾ ಬೆಳಿಗ್ಗೆ ಕಚೇರಿಗೆ ಮುಂಚೆ ನಾನು ಒಂದು ಕೊಡ ನೀರು, ಎರಡು ರೊಟ್ಟಿ ಹೊತ್ತು ಆ ಗುಡ್ಡ ಹತ್ತುತ್ತಿದ್ದೆ. ನಾನು ತಪ್ಪಿದ ದಿನ ಮೌಲಾಸಾಬನ ಹೆಂಡತಿ ಹೋಗುತ್ತಿದ್ದಳು. ಹಾದಿಯಲ್ಲಿ ಯಾರೋ ಮೂರು ಕಡೆ ಕೊಡ ಇಳಿಸಿ ದಣಿವಾರಿಸಿಕೊಳ್ಳುವಷ್ಟು ಚಪ್ಪಟೆ ಕಲ್ಲು ತಂದಿಟ್ಟಿದ್ದರು. ಫಕೀರವ್ವ ನೀರನ್ನು ಅರ್ಧ ಆಡುಗಳಿಗೆ ಹಾಕಿ, ರೊಟ್ಟಿಯನ್ನು ನಾನು ಹೋದ ಮೇಲೆ ತಿನ್ನುತ್ತಿದ್ದಳು. ಒಮ್ಮೆಯೂ ರುಚಿಯ ಬಗ್ಗೆ ಮಾತಾಡಲಿಲ್ಲ. ಆರಿದ ರೊಟ್ಟಿಯ ಬಗ್ಗೆ ಏನು ಹೇಳುವುದು.

ಆಷಾಢದ ಹೊತ್ತಿಗೆ ನಾನು ದುಂಡಪ್ಪನವರಲ್ಲಿ ಕೇಳಿದೆ. ಈ ಚಳಿಗಾಲದ ನಕಾಶೆಯಲ್ಲಿ ಹಲ್ಲು ಹಾಕಿಬಿಟ್ಟರೆ ಆಯಿತಲ್ಲ, ತಗ್ಗು ಮರಳಿ ಬರುತ್ತದಲ್ಲ?

ಅವರು, "ಈಗ ಅಲ್ಲಿ ಏನೈತಿ?" ಎಂದರು.

"ಗುಡ್ಡ."

"ಹಂಗಾರ ಸುಗ್ಗಿ ಮುಗದ ಮ್ಯಾಲೆ ದುರ್ಬೀನ ಹಚ್ಚಿದ್ರ ಏನು ಕಾಣತೈತಿ?"

"ಗುಡ್ಡಾನ ಕಾಣತೈತ್ರಿ. ಆದ್ರ ಅದು ನನ್ನ ತಪ್ಪಿಂದ ಆದ ಗುಡ್ಡ."

"ಗುಡ್ಡಕ್ಕ ಅದು ಗೊತ್ತಿಲ್ಲ ತಂಗಿ. ಇವತ್ತು ತಪ್ಪು ತಿದ್ದಾಕ ಅಂತ ಕಾಣದ್ದ ಬರದ್ರ, ನಾಳೆ ಒಬ್ಬ ಬಂದು ನಂದೂ ಒಂದು ತಪ್ಪು ಐತಿ ತಿದ್ರಿ ಅಂತಾನ. ಅವಗ ಏನು ಹೇಳ್ತಿ?"

ನನಗೆ ಸಿಟ್ಟು ಬಂತು. ತಪ್ಪಾದ ನಕಾಶೆಯನ್ನು ನೆಲ ಒಂದೇ ವರ್ಷದಲ್ಲಿ ಒಪ್ಪಿಕೊಂಡಿತು. ಅದನ್ನು ಪ್ರಾಮಾಣಿಕವಾಗಿ ಅಳೆದರೆ ನಾವು ಆ ತಪ್ಪಿಗೆ ಶಾಶ್ವತವಾಗಿ ರುಜು ಹಾಕಿದಂತೆ. ವರ್ಷ ವರ್ಷವೂ ಅಳೆಯುತ್ತೇವೆ, ವರ್ಷ ವರ್ಷವೂ ಅದು ಗುಡ್ಡ. ಆ ಮನೆಯಲ್ಲಿ ಮತ್ತೆಂದೂ ಒಲೆ ಹತ್ತುವುದಿಲ್ಲ. ಇದನ್ನೆಲ್ಲ ನಾನು ಅಂದೆ. ಕಾಲೇಜು ಓದಿದವರು ಆಡುವಂತೆ ಸ್ವಲ್ಪ ಜೋರಾಗಿಯೇ ಅಂದೆ. ದುಂಡಪ್ಪನವರು ತಲೆ ತಗ್ಗಿಸಿ ಕೇಳಿಸಿಕೊಂಡರು. ನಂತರ ಚಹಾದ ಲೋಟಕ್ಕೆ ಕೈ ಹಾಕಿದರು. ಲೋಟ ಅವರ ಕೈ ಹೋದಲ್ಲಿರಲಿಲ್ಲ, ಒಂದು ಗೇಣು ಆಚೆ ಇತ್ತು. ಮೌಲಾಸಾಬ ಅದನ್ನು ಅವರ ಬೆರಳ ಹತ್ತಿರ ಸರಿಸಿದ. ಆಗ ನಾನು ಅದನ್ನು ನೋಡಿದೆ. ಏನು ನೋಡಿದೆ ಎಂದು ತಿಳಿದದ್ದು ಮಾತ್ರ ಆಮೇಲೆ.

ಸುಗ್ಗಿ ಮುಗಿದು, ಹೊಲಗಳು ಬೋಳಾಗಿ, ಆಕಾಶ ಗಾಜಿನಂತೆ ಆದಾಗ ಅಳತೆ ಶುರುವಾಗುತ್ತದೆ. ಪ್ರತಿ ವರ್ಷ ಊರ ಮುಂದಿನ ಕಟ್ಟೆಯಿಂದ ಆರಂಭ. ಆ ವರ್ಷ ದುಂಡಪ್ಪನವರು, "ಏಳನೇ ಹಾಳಿಯಿಂದ ಹಿಡಿಯೂಣು, ಫಕೀರವ್ವನ ಕಡೆ ಮೊದಲ" ಎಂದರು. ದುರ್ಬೀನು ನಾನು ಹೊತ್ತೆ. ಮೌಲಾಸಾಬ ಕೆಂಪು ಬಿಳಿ ಬಣ್ಣದ ಅಳತೆಕೋಲನ್ನು ಹೆಗಲಿಗೇರಿಸಿ, "ನಡೀರಿ, ಗುಡ್ಡಕ್ಕ ಬಳಿ ಇಡಸಾಕ ಹೋಗೂಣು. ಈ ಸಲ ಬಳಿಗಾರ್ತಿ ಅಕ್ಕಾರು ಗಿರಾಕಿ ಕೈ ನೋಡಿ ಇಡಸ್ರಿ" ಎಂದು ನನ್ನನ್ನು ಚುಚ್ಚಿದ. ಹಾದಿಯುದ್ದಕ್ಕೂ ಅವನು ಮಾಸ್ತರರ ಒಂದು ಹೆಜ್ಜೆ ಮುಂದೆ ನಡೆಯುತ್ತ, ಕಲ್ಲು ಸಿಕ್ಕಲ್ಲೆಲ್ಲ ಕೋಲಿನ ಬುಡದಿಂದ ಅದನ್ನು ಟಕ್ ಎಂದು ಕುಟ್ಟುತ್ತಿದ್ದ. ಮಾಸ್ತರರು ಆ ಸದ್ದು ಬಂದಲ್ಲಿ ಕಾಲು ಎತ್ತಿ ಇಡುತ್ತಿದ್ದರು.

ಎದುರಿನ ದಿಬ್ಬದ ಮೇಲೆ ದುರ್ಬೀನು ಹೂಡಿದೆವು. ರಸಮಟ್ಟ ನೋಡಿ ಕಾಲುಗಳನ್ನು ನಾನು ಸರಿ ಮಾಡಿದೆ. ಮೌಲಾಸಾಬ ಹೋಗಿ ಫಕೀರವ್ವನ ಬಾಗಿಲ ಮುಂದೆ ಕೋಲು ನಿಲ್ಲಿಸಿದ. ಫಕೀರವ್ವ ಹೊರಗೆ ಬಂದು, ಸೊಂಟಕ್ಕೆ ಕೈ ಕೊಟ್ಟು ನಿಂತಳು. ಇಷ್ಟು ದೂರದಿಂದಲೂ ಅವಳ ಸೀರೆಯ ಹಸಿರು ಅಂಚು ಬರಿಗಣ್ಣಿಗೆ ಕಾಣುತ್ತಿತ್ತು. ಅಂಥ ತಿಳಿಯಾದ ದಿನ. ಒಂದು ಮೋಡವಿಲ್ಲ. ಧೂಳಿಲ್ಲ.

ದುಂಡಪ್ಪನವರು ಬಗ್ಗಿ ಕಣ್ಣಿಟ್ಟರು. ನಾನು ಅಳತೆ ಪುಸ್ತಕ ಬಿಚ್ಚಿ ಪೆನ್ಸಿಲು ಹಿಡಿದು ಕೂತೆ. ಅವರು ನೋಡುತ್ತಲೇ ಇದ್ದರು. ಆಚೆಯಿಂದ ಮೌಲಾಸಾಬ ತನ್ನ ಕೋಲಿನ ಮೇಲಿನ ಅಂಕಿಯನ್ನು ತಾನೇ ಓದಿ ಹಾಡಿನಂತೆ ಕೂಗತೊಡಗಿದ. ಇದು ಅವನು ಈ ವರ್ಷ ಶುರುಮಾಡಿದ್ದ ಪದ್ಧತಿ. ಬೇಸಿಗೆಯಲ್ಲಿ ಕಾಲುವೆಯ ಮಟ್ಟ ನೋಡುವಾಗಲೂ ಹೀಗೆಯೇ ಕೂಗಿದ್ದ. ಹುಡುಗಾಟಿಕೆ ಎಂದುಕೊಂಡಿದ್ದೆ. ದುಂಡಪ್ಪನವರು ಕೈ ಎತ್ತಿ ಬೀಸಿ ಅವನನ್ನು ಸುಮ್ಮನಾಗಿಸಿದರು.

"ಸರಿಯಾಗಿ ಕೂಡಿಲ್ಲೇನ್ರಿ ಮಾಸ್ತರ? ನಾನು ನೋಡಲ್ಯಾ?" ಎಂದೆ.

"ನೀ ನೋಡಬ್ಯಾಡ" ಎಂದರು, ದುರ್ಬೀನಿನಿಂದ ಕಣ್ಣು ತೆಗೆಯದೆ. "ನೋಡಿದ್ರ ಬರೀಬೇಕಾಕ್ಕೈತಿ."

ನಾನು ಕೂತಲ್ಲೇ ಕೂತೆ. ಅವರು ನೆಟ್ಟಗೆ ನಿಂತು, ಕರವಸ್ತ್ರದಿಂದ ಗಾಜನ್ನು ಒರೆಸಿ, ಆಮೇಲೆ ಅದೇ ಕರವಸ್ತ್ರದಿಂದ ಕಣ್ಣು ಒರೆಸಿ, ಮತ್ತೊಮ್ಮೆ ಬಗ್ಗಿ ನೋಡಿದರು. ನಿಯಮ ಅದು: ಕಾಣಲಿಲ್ಲ ಎನ್ನುವ ಮುನ್ನ ಮೂರು ಸಲ ನೋಡಬೇಕು. ಮೂರನೆಯ ಸಲವೂ ನೋಡಿದರು.

"ಬರಿ" ಎಂದರು. "ಏಳನೇ ಹಾಳಿ. ಫಕೀರವ್ವನ ಮನಿ. ಹಿಂದಿನಂತೆ."

ನನ್ನ ಪೆನ್ಸಿಲು ನಿಂತಿತು. ಹಿಂದಿನಂತೆ ಎಂದರೆ ಹೋದ ವರ್ಷದ ಅಳತೆ ಪುಸ್ತಕ. ನಕಾಶೆ ಅಲ್ಲ, ಪುಸ್ತಕ. ಅದರಲ್ಲಿ ಫಕೀರವ್ವನ ಜಾಗ ಐದು ಬಳೆಯ ತಗ್ಗು ಎಂದೇ ಇತ್ತು. ಅದನ್ನು ದುಂಡಪ್ಪನವರೇ ನೋಡಿ ಹೇಳಿದ್ದು, ಆಗ ಅವರ ಕಣ್ಣು ಕಾಣುತ್ತಿತ್ತು. ತಪ್ಪಿದ್ದು ಹಾಳೆಯಲ್ಲಿ, ನನ್ನ ಕೈಯಲ್ಲಿ. ಇಡೀ ಬೇಸಿಗೆ ನಾನು ಅವರ ಜೊತೆ ವಾದಿಸಿದ್ದೆ, ಈ ಒಂದು ಪದ ನನಗೆ ಹೊಳೆದಿರಲಿಲ್ಲ. ಹೊಳೆಯುವಂತೆಯೂ ಇರಲಿಲ್ಲ. ಇಂಥ ಆಕಾಶದ ಕೆಳಗೆ ನಿಂತು ಕಾಣಲಿಲ್ಲ ಎಂದು ಯಾರು ಬರೆಸುತ್ತಾರೆ?

"ಕಾರಣ ಬರೀಬೇಕಲ್ರಿ" ಎಂದೆ.

"ಬರೀಬೇಕು."

"ಏನಂತ?"

"ಅಳತಿ ಮಾಡಾವನ ಕಣ್ಣಿಗೆ ಪೊರಿ ಬಂದೈತಿ, ಕಾಣವಲ್ದು. ಹಂಗ ಬರಿ. ಮಾಗಿಯಾಗ ಸುರುವಾತು. ನಿನ್ನ ಏಳನೇ ಹಾಳಿ ಕೈಯಾಗ ಹಿಡದಾಗ ಹಲ್ಲು ಅದಾವೋ ಇಲ್ಲೋ ನನಗ ಗೊತ್ತಾಗಲಿಲ್ಲ. ಇದ್ದಾವು ಅಂದುಕೊಂಡು ರುಜು ಹಾಕಿದೆ. ಊಹಾ ಮಾಡಿದೆ." ಕರವಸ್ತ್ರ ಮಡಚುತ್ತ, "ನೀ ಮರತಿದ್ದು ಮರವು. ನಾ ಮಾಡಿದ್ದು ತಪ್ಪು" ಎಂದರು.

ಆ ಕಾರಣ ಬರೆದರೆ ಏನಾಗುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು. ಒಂದು ವರ್ಷಕ್ಕೆ ಒಂದೇ ಕಣ್ಣು. ಆ ಕಣ್ಣೇ ಕಾಣದು ಎಂದಮೇಲೆ ಆ ವರ್ಷ ಇಡೀ ಸೀಮೆಯೇ ಹಿಂದಿನಂತೆ. ಮುನ್ನೂರ ನಲವತ್ತು ಜಾಗಗಳು. ಮತ್ತು ಆ ಕಣ್ಣು ಇನ್ನು ಮುಂದೆ ದುರ್ಬೀನು ಮುಟ್ಟುವಂತಿಲ್ಲ. ಅವರು ಸುಮ್ಮನಿದ್ದಿದ್ದರೆ ಮೌಲಾಸಾಬ ಕೂಗುತ್ತಿದ್ದ, ಇನ್ನೂ ನಾಲ್ಕು ವರ್ಷ ಹೇಗೋ ನಡೆಯುತ್ತಿತ್ತು. ಅವನು ಅದಕ್ಕೆ ತಯಾರಾಗಿದ್ದ. ನಾನು ಬರೆದೆ. ಅವರು ಬೆರಳಿನಿಂದ ಹಾಳೆಯ ಅಂಚು ಮುಟ್ಟಿ ನೋಡಿ ಜಾಗ ಹುಡುಕಿ ರುಜು ಹಾಕಿದರು. ರುಜು ಗೆರೆಯ ಮೇಲೆ ಕೂರಲಿಲ್ಲ, ಸ್ವಲ್ಪ ಓರೆಯಾಗಿ ಮೇಲಕ್ಕೆ ಹೋಯಿತು. ಆಚೆ ಮೌಲಾಸಾಬ ಕೋಲು ಇಳಿಸಲು ಹೇಳುವವರೆಗೂ ನೆಟ್ಟಗೆ ಹಿಡಿದು ನಿಂತೇ ಇದ್ದ.

ಹಿರಿಯರ ಸಭೆಯಲ್ಲಿ ಪುಸ್ತಕವನ್ನು ನಾನೇ ಓದಿದೆ. ಯಾರೂ ಜೋರಾಗಿ ಮಾತಾಡಲಿಲ್ಲ. ಬಾಳಾಸಾಬ ಎಂಬೊಬ್ಬ ಮಾತ್ರ ಎದ್ದು ನಿಂತ. ಆ ಬೇಸಿಗೆ ಅವನ ಹಿತ್ತಲಿಗೆ ಮೇಲಿನಿಂದ ಮಣ್ಣು ಜಾರಿ ಎರಡು ಮಾರು ಸಮ ನೆಲ ಬಂದಿತ್ತು. ಅಲ್ಲಿ ಗಜ್ಜರಿ ಹಾಕಿದ್ದ. ಎಲ್ಲ ಹಿಂದಿನಂತೆ ಎಂದರೆ ಅದು ಹೋದಂತೆ. "ಒಬ್ಬಾಕಿ ಹಲ್ಲು ಮರತ್ಲು, ಒಬ್ಬ ಕಣ್ಣು ಮುಚ್ಚಿದ. ನಡುವ ನನ್ನ ಗಜ್ಜರಿ ಏನು ಪಾಪ ಮಾಡಿತ್ತು?" ಎಂದ. ಎಲ್ಲರೂ ನಕ್ಕರು. ಅವನ ಮಾತೂ ನ್ಯಾಯವೇ. ದುಂಡಪ್ಪನವರು ಎದ್ದು ಅವನಿಗೆ ಕೈ ಮುಗಿದರು. ಬಾಳಾಸಾಬ ಕೆಲವು ದಿನ ಗೊಣಗಿದ, ಹಿಮ ಬೀಳುವ ಮುನ್ನ ಗಜ್ಜರಿಯನ್ನೆಲ್ಲ ಕಿತ್ತು, ಒಂದು ಮೊರದ ತುಂಬ ಮಾಸ್ತರರ ಬಾಗಿಲಲ್ಲಿಟ್ಟು, ಗೊಣಗುತ್ತಲೇ ಹೋದ.

ಆ ಚಳಿಗಾಲ ಗುಡ್ಡದ ತುದಿಯಲ್ಲಿ ಬದುಕುವುದು ಸಾಧ್ಯವಿರಲಿಲ್ಲ. ಮೊದಲ ಹಿಮ ಬಿದ್ದ ದಿನ ಮೌಲಾಸಾಬ ಆಡುಗಳನ್ನು ಹೆಗಲ ಮೇಲೆ ಹೊತ್ತು, ಫಕೀರವ್ವನ ಕೈ ಹಿಡಿದು ನಮ್ಮ ಮನೆಗೆ ಇಳಿಸಿಕೊಂಡು ಬಂದ. ನಾಲ್ಕು ತಿಂಗಳು ನಮ್ಮಲ್ಲಿದ್ದಳು. ಉಣ್ಣೆ ಎಳೆದಳು, ಅವ್ವನ ತಲೆ ಬಾಚಿದಳು, ಮನೆ ಗುಡಿಸಿದಳು. ಒಲೆಯ ಹತ್ತಿರ ಮಾತ್ರ ಹೋಗಲಿಲ್ಲ. ಅವ್ವ ಒಮ್ಮೆ, "ಒಂದೀಟು ಸಾರು ನೋಡ್ರೆವಾ, ನನ್ನ ಕೈ ಒದ್ದಿ ಐತಿ" ಎಂದಾಗ, "ನಾ ನೋಡಿದ್ರ ಅದು ಸಿಟ್ಟಾಕ್ಕೈತಿ" ಎಂದು ಹಿಂದೆ ಸರಿದಳು. ಸಾರೋ, ಒಲೆಯೋ, ನಾನು ಕೇಳಲಿಲ್ಲ. ಅವಳ ಊಟ ದಿನದಿಂದ ದಿನಕ್ಕೆ ಕಡಿಮೆಯಾಗುತ್ತಿತ್ತು. ಕಚೇರಿಯಲ್ಲಿ ನಾನು ಹಳೆಯ ಪುಸ್ತಕ ಎದುರಿಟ್ಟುಕೊಂಡು ಮುನ್ನೂರ ನಲವತ್ತು ಜಾಗಗಳನ್ನೂ ಮತ್ತೆ ಬರೆದೆ. ಏಳನೆಯ ಹಾಳೆಗೆ ಬಂದಾಗ ಮಸಿ ಆರುವ ಮುನ್ನವೇ ಹಲ್ಲು ಹಾಕಿದೆ. ಎಣಿಸಿದೆ: ಒಂದೊಂದು ಬಳೆಗೆ ಇಪ್ಪತ್ತು. ದುಂಡಪ್ಪನವರು ರುಜು ಹಾಕುವಂತಿರಲಿಲ್ಲ. ಆದರೂ ದಿನವೂ ಬಂದು ಒಲೆಯ ಪಕ್ಕ ಕೂತು, ಮಸಿಯ ಶೀಶೆಯನ್ನು ಕೋಟಿನೊಳಗೆ ಇಟ್ಟುಕೊಂಡಿರುತ್ತಿದ್ದರು. ಹಲ್ಲು ಹಾಕಿ ಮುಗಿಸಿದೆ ಎಂದಾಗ, ಅವರು ಬೆರಳ ತುದಿಯನ್ನು ಆರಿದ ಮಸಿಯ ಮೇಲೆ ಮೆಲ್ಲಗೆ ಆಡಿಸಿದರು. ಮಸಿಗೆ ಅಷ್ಟು ಉಬ್ಬು ಇರುತ್ತದೆಯೇ, ಗೊತ್ತಿಲ್ಲ. "ಅದಾವು" ಎಂದರು.

ನಕಾಶೆ ಅಂಟಿಸಿದ ದಿನ ಮುಂದಿನ ವರ್ಷಗಳ ಕಣ್ಣು ನಾನು ಎಂದು ತೀರ್ಮಾನವಾಯಿತು. ಹಲ್ಲು ಮರೆತವಳನ್ನೇ ಏಕೆ ಆರಿಸಿದರು ಎಂದು ಕೇಳಿದ್ದಕ್ಕೆ ಒಬ್ಬ ಹಿರಿಯರು, "ನೀ ಇನ್ನ ಜನ್ಮದಾಗ ಮರಿಯಾಂಗಿಲ್ಲ" ಎಂದರು. ಹಿಮ ಕರಗತೊಡಗಿದ ಸಂಜೆಯೇ ಫಕೀರವ್ವ ಆಡುಗಳ ಹಗ್ಗ ಹಿಡಿದು ಹೊರಟಳು. ಹಿಮ ಪೂರ್ತಿ ಕರಗಲಿ ಎಂದರೆ ಕೇಳಲಿಲ್ಲ. ಮೌಲಾಸಾಬ ಜೊತೆಗೆ ಹೋಗಿ, ಮರುದಿನ ಬಂದು ಹೇಳಿದ: "ತಗ್ಗು ಇದ್ದಲ್ಲಿ ತಗ್ಗು ಐತ್ರಿ, ಒರತಿ ಇನ್ನೂ ಬಂದಿಲ್ರಿ." ಒರತೆ ಮೂರು ದಿನ ತಡವಾಗಿ ಬಂತು, ಮೊದಲು ಕೆಂಪಗೆ, ಆಮೇಲೆ ತಿಳಿಯಾಗಿ. ದಣಿವಾರಿಸಿಕೊಳ್ಳಲು ಇಟ್ಟಿದ್ದ ಮೂರು ಚಪ್ಪಟೆ ಕಲ್ಲುಗಳು ಮಾತ್ರ ಎಲ್ಲಿ ಹೋದವೋ, ಸಿಗಲಿಲ್ಲ.

ನಾಲ್ಕನೆಯ ದಿನ ಮಧ್ಯಾಹ್ನ ನಾನು ಕಚೇರಿಯ ಹೊರಗೆ ಬಿಸಿಲಲ್ಲಿ ದುರ್ಬೀನಿನ ಕಾಲುಗಳಿಗೆ ಎಣ್ಣೆ ಹಚ್ಚುತ್ತಿದ್ದೆ. ದುಂಡಪ್ಪನವರು ನಕಾಶೆಯ ಗೋಡೆಗೆ ಬೆನ್ನು ಕೊಟ್ಟು ಕಲ್ಲುಬೆಂಚಿನ ಮೇಲೆ ಕೂತಿದ್ದರು. ಗೋಡೆಯಿಂದ ಇನ್ನೂ ಅಂಟಿನ ವಾಸನೆ ಬರುತ್ತಿತ್ತು. ಏಳನೆಯ ಹಾಳೆಯ ಕಡೆಯಿಂದ ಬರುವ ಹಾದಿಯಲ್ಲಿ ಫಕೀರವ್ವ ಬರುವುದು ಕಂಡಿತು. ಕೈ ಬೀಸುತ್ತಿರಲಿಲ್ಲ. ಎರಡೂ ಕೈಯನ್ನು ಕಂಬಳಿಯ ಒಳಗೆ, ಹೊಟ್ಟೆಯ ಹತ್ತಿರ ಹಿಡಿದಿದ್ದಳು, ಕೂಸನ್ನು ಹಿಡಿದ ಹಾಗೆ. ಕೆನ್ನೆಯ ಮೇಲೆ ಒಲೆಯ ಮಸಿ ಇತ್ತು. ನನ್ನನ್ನು ನೋಡಿದಳು. ನೇರವಾಗಿ ದುಂಡಪ್ಪನವರ ಮುಂದೆ ಹೋಗಿ ನಿಂತಳು.

"ಯಾರು?" ಎಂದರು ಅವರು.

ಅವಳು ಕಂಬಳಿಯೊಳಗಿಂದ ಒಂದು ಬಟ್ಟೆಯ ಗಂಟು ತೆಗೆದು, ಅವರ ಎರಡೂ ಅಂಗೈಯನ್ನು ಬಿಡಿಸಿ, ಅದನ್ನು ಇಟ್ಟು, ಬೆರಳುಗಳನ್ನು ಮತ್ತೆ ಮುಚ್ಚಿದಳು. ಬಂದ ಹಾದಿಯಲ್ಲೇ ತಿರುಗಿ ಹೋದಳು.

ಯಾರ ಮನೆಯದನ್ನೂ ಉಣ್ಣದ ಮನುಷ್ಯ ಸ್ವಲ್ಪ ಹೊತ್ತು ಅದನ್ನು ಹಾಗೆಯೇ ಹಿಡಿದು ಕೂತರು. ಒಂದೂವರೆ ಮೈಲಿ ನಡೆದು ಬಂದಿದ್ದರೂ ಗಂಟು ಬಿಚ್ಚಿದಾಗ ಹಬೆ ಎದ್ದಿತು. ಅವರು ಬೆರಳಿನಿಂದ ರೊಟ್ಟಿಗಳನ್ನು ಮುಟ್ಟಿ ಎಣಿಸಿದರು. ನಾಲ್ಕು ಇದ್ದವು, ನಡುವೆ ಹಿಂಡಿಪಲ್ಲೆ. ಎರಡನ್ನು ಎತ್ತಿ, ಅರ್ಧ ಪಲ್ಲೆಯನ್ನು ಅವುಗಳೊಳಗೆ ಮಡಚಿ, ನನ್ನ ಕಡೆ ಎಂದುಕೊಂಡ ಕಡೆಗೆ ಕೈ ಚಾಚಿದರು. ಕೈ ನಾನಿದ್ದಲ್ಲಿಗಲ್ಲ, ನನ್ನಿಂದ ನಾಲ್ಕು ಹೆಜ್ಜೆ ಎಡಕ್ಕೆ, ಖಾಲಿ ಜಾಗಕ್ಕೆ ಚಾಚಿತ್ತು. ನಾನು ಎಣ್ಣೆಯ ಕೈ ಸೀರೆಗೆ ಒರೆಸಿಕೊಂಡು, ಸದ್ದಾಗದಂತೆ ಎಡಕ್ಕೆ ಸರಿದು, ಅಲ್ಲಿಯೇ ಇದ್ದವಳಂತೆ ಕೈಯೊಡ್ಡಿದೆ.